ಕೌನ್ಸೆಲಿಂಗ್‌ಗೂ ಮೊದಲು ಡ್ಯೂಟಿ ಪಟ್ಟಿ

ಸಾಂಕ್ರಾಮಿಕದ ದಿನಗಳಲ್ಲಿ ಸಿಬ್ಬಂದಿ ಸೋತಿದ್ದಾರೆ ಎಂದು ಗೊತ್ತಾದರೆ ಆಸ್ಪತ್ರೆಗಳು ಸಾಮಾನ್ಯವಾಗಿ ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸುತ್ತವೆ. ಅದಕ್ಕೂ ಮೊದಲು ವಾರ್ಡಿನ ಡ್ಯೂಟಿ ಪಟ್ಟಿ ತೆಗೆದು ನೋಡಬೇಕು. ಯಾರು ಎಷ್ಟು ರಾತ್ರಿ ಸತತವಾಗಿ ದುಡಿದಿದ್ದಾರೆ, ಎರಡು ಪಾಳಿಗಳ ನಡುವೆ ಎಷ್ಟು ಗಂಟೆ ಸಿಕ್ಕಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ತೊಟ್ಟವರು ನೀರು ಕುಡಿಯುವಂತಿರಲಿಲ್ಲ, ಶೌಚಕ್ಕೆ ಹೋಗುವಂತಿರಲಿಲ್ಲ. ಆ ಭಯಕ್ಕೆ ಅನೇಕರು ಡ್ಯೂಟಿಗೆ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ಮುಟ್ಟಿನ ದಿನಗಳಲ್ಲಂತೂ ನರ್ಸ್‌ಗಳ ಕಷ್ಟ ಹೇಳತೀರದು. ಮೈಯಲ್ಲಿ ನೀರಿನಂಶ ಇಳಿದರೆ ತಲೆನೋವು ಬರುತ್ತದೆ, ಸಿಡುಕು ಹೆಚ್ಚುತ್ತದೆ, ಡೋಸ್ ಲೆಕ್ಕ ತಪ್ಪುತ್ತದೆ. ಇದನ್ನು ಮನೋದೌರ್ಬಲ್ಯ ಎಂದುಕೊಳ್ಳಬಾರದು. ಕಿಟ್ಟಿನೊಳಗಿನ ಸಮಯವನ್ನು ನಾಲ್ಕು ಗಂಟೆಗೆ ಇಳಿಸಿ, ಕಿಟ್ ಕಳಚಿದ ಮೇಲೆ ಅರ್ಧ ಗಂಟೆ ವಿರಾಮ ಕೊಡಿ. ಸತತ ರಾತ್ರಿಪಾಳಿ ಮೂರಕ್ಕೆ ನಿಲ್ಲಲಿ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಇರಲಿ. ಮಲಗುವ ಆರು ಗಂಟೆ ಮೊದಲೇ ಕೊನೆಯ ಕಾಫಿ ಮುಗಿಸಬೇಕು. ನಿದ್ದೆ ಬರಲೆಂದು ತಾವೇ ಆಲ್‌ಪ್ರಜೋಲಮ್ ನುಂಗುವವರು ನಮ್ಮ ವೃತ್ತಿಯಲ್ಲಿದ್ದಾರೆ. ಕೆಲವೇ ವಾರಗಳಲ್ಲಿ ಹಳೆಯ ಡೋಸ್ ಸಾಲದಾಗುತ್ತದೆ, ಥಟ್ಟನೆ ಬಿಟ್ಟರೆ ಇದ್ದ ನಿದ್ದೆಯೂ ಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುವುದೂ ಉಂಟು.

ಇಷ್ಟು ಸರಿಪಡಿಸಿದ ಮೇಲೂ ಉಳಿಯುವ ನೋವು ಬೇರೆ ಬಗೆಯದು. 2021ರ ಏಪ್ರಿಲ್-ಮೇನಲ್ಲಿ ಆಕ್ಸಿಜನ್ ಹಾಸಿಗೆ ಒಂದೇ ಇದ್ದು ಬಾಗಿಲಲ್ಲಿ ನಾಲ್ವರು ಕಾದಿದ್ದಾಗ ಕಾಡಿದ್ದು ಸೋಂಕಿನ ಭಯವಲ್ಲ, ‘ನನ್ನ ಕೈಯಿಂದಲೇ ತಪ್ಪಾಯಿತು’ ಎಂಬ ಭಾವ. ಇದಕ್ಕೆ ನೈತಿಕ ಗಾಯ ಎನ್ನುತ್ತೇವೆ. ಉಸಿರಾಟದ ವ್ಯಾಯಾಮದಿಂದ ಇದು ಮಾಯುವುದಿಲ್ಲ. ಹಾಸಿಗೆ ಯಾರಿಗೆ ಎಂಬ ತೀರ್ಮಾನವನ್ನು ರಾತ್ರಿಪಾಳಿಯ ಕಿರಿಯ ವೈದ್ಯರೊಬ್ಬರ ತಲೆಗೆ ಕಟ್ಟಲೇಬಾರದು. ಮಾನದಂಡ ಬರಹದಲ್ಲಿರಲಿ, ಮೂವರ ತಂಡ ಸಹಿ ಹಾಕಲಿ, ಸಾವಿನ ಸುದ್ದಿಯನ್ನು ಮನೆಯವರಿಗೆ ಇಬ್ಬರು ಸೇರಿ ತಿಳಿಸಲಿ.

ಸಾವು ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ‘ಏನಾಯಿತು, ಏನನ್ನಿಸಿತು’ ಎಂದು ಬಾಯಿ ಬಿಡಿಸುವ ಪದ್ಧತಿ ಬೇಡ. ಇಂಥ ಒಂದೇ ಕಂತಿನ ಬಿಚ್ಚುಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುವುದಿಲ್ಲ. ಹ್ಯಾಂಡ್‌ಓವರ್ (ಮುಂದಿನ ಪಾಳಿಗೆ ಕೆಲಸ ಒಪ್ಪಿಸುವುದು) ಮುಗಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಒಬ್ಬೊಬ್ಬರನ್ನೇ ‘ಊಟ ಆಯ್ತಾ? ನಿನ್ನೆ ನಿದ್ದೆ ಬಂತಾ? ಮನೇಲಿ ಎಲ್ಲಾ ಹೇಗಿದ್ದಾರೆ?’ ಎಂದು ಕೇಳಿದರೆ ಸಾಕು. ಹೇಳಬೇಕೆನಿಸಿದವರು ತಾವೇ ಹೇಳುತ್ತಾರೆ. ಹೊಸಬರಿಗೆ ಹಳಬರೊಬ್ಬರನ್ನು ಜೋಡಿ ಮಾಡಿ. ಡ್ಯೂಟಿ ಮುಗಿಸಿ ಲಾಡ್ಜ್ ಕೋಣೆಯಲ್ಲಿ ಕ್ವಾರಂಟೈನ್ ಇದ್ದವರಿಗೆ ಆ ಜೊತೆಗಾರರ ಫೋನ್ ದಿನಕ್ಕೊಮ್ಮೆ ಹೋಗಲೇಬೇಕು.

ಎರಡು ವಾರವಾದರೂ ಮಂಕು ಕವಿದೇ ಇದ್ದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸಿ. ಒಟ್ಟು 27 ಅಂಕದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರ ಭೇಟಿ ಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅವತ್ತೇ ಕೂತು ಮಾತಾಡಬೇಕು, ಒಬ್ಬರನ್ನೇ ಬಿಡಬಾರದು. ಔಷಧದ ಕಪಾಟಿನ ಕೀಲಿ ಕೆಲವು ದಿನ ಬೇರೆಯವರ ಬಳಿ ಇರಲಿ.

ನಮ್ಮವರು ಚಿಕಿತ್ಸೆಗೆ ಹಿಂಜರಿಯಲು ದೊಡ್ಡ ಕಾರಣ, ಮನೋವೈದ್ಯರು ತಮ್ಮ ಸಹೋದ್ಯೋಗಿಯೇ ಆಗಿರುವುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದ್ದರೂ ಕ್ಯಾಂಟೀನಿನ ಮಾತಿಗೆ ಅಂಜುತ್ತಾರೆ. ಅಂಥವರಿಗೆ ಹೊರಗಿನ ದಾರಿ ತೋರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಆಶಾ ಕಾರ್ಯಕರ್ತೆಯರು, ಡಿ ಗ್ರೂಪ್ ನೌಕರರು, ಆಂಬ್ಯುಲೆನ್ಸ್ ಚಾಲಕರು ಯಾವ ವಾರ್ಡಿನ ಪಟ್ಟಿಯಲ್ಲೂ ಸಿಗುವುದಿಲ್ಲ. 2020ರಲ್ಲಿ ಸಮೀಕ್ಷೆಗೆಂದು ಮನೆಮನೆಗೆ ಹೋದ ಆಶಾಗಳು ಬೈಗುಳ ತಿಂದರು, ಏಟೂ ತಿಂದರು. ಆ ಏಪ್ರಿಲ್‌ನಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ಬಂತು: ಹಲ್ಲೆಗೆ 5 ವರ್ಷದವರೆಗೆ, ತೀವ್ರ ಗಾಯಕ್ಕೆ 7 ವರ್ಷದವರೆಗೆ ಜೈಲು. ಆದರೆ ದೂರನ್ನು ಸಂಸ್ಥೆಯೇ ಕೊಡಬೇಕು, ಪೆಟ್ಟು ತಿಂದವರು ಒಬ್ಬರೇ ಠಾಣೆಯ ಮೆಟ್ಟಿಲು ಹತ್ತುವಂತಾಗಬಾರದು.

ಅಲೆ ಇಳಿದ ಮೇಲೆ ಕೈ ತೊಳೆದುಕೊಳ್ಳುವುದು ಇನ್ನೊಂದು ತಪ್ಪು. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾರ್ಸ್ (ಕೋವಿಡ್‌ನಂಥದೇ ಉಸಿರಾಟದ ಸೋಂಕು) ರೋಗಿಗಳನ್ನು ನೋಡಿದ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ವರ್ಷ ಕಳೆದ ಮೇಲೂ ದಣಿವು, ಸಂಕಟ ಹೆಚ್ಚಿದ್ದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಹಾಗಾಗಿ ಮೂರು, ಆರು, ಹನ್ನೆರಡನೆಯ ತಿಂಗಳಿಗೆ ಮತ್ತೆ ವಿಚಾರಿಸಿ. ಅಷ್ಟರಲ್ಲಿ ವರ್ಗವಾಗಿ ಹೋದವರ, ಗುತ್ತಿಗೆ ಮುಗಿದು ಮನೆ ಸೇರಿದವರ ಫೋನ್ ನಂಬರೂ ವಿಚಾರಿಸಬೇಕಾದವರ ಪಟ್ಟಿಯಲ್ಲಿರಲಿ.