ಕೇಳದೇ ಉಳಿದ ಪ್ರಶ್ನೆ: ಬ್ರೆಕ್ಸಿಟ್ ಜನಮತಗಣನೆ ಮತ್ತು ರಷ್ಯಾ ವರದಿ

ಬ್ರಿಟನ್ ಸಂಸತ್ತಿನ ಗುಪ್ತಚರ ಮತ್ತು ಭದ್ರತಾ ಸಮಿತಿಯು ರಷ್ಯಾ ಕುರಿತ ತನ್ನ ವರದಿಯನ್ನು 2020ರ ಜುಲೈ 21ರಂದು ಪ್ರಕಟಿಸಿದಾಗ, ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೇ ಎಂದು ಕೇಳಿದ 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ರಷ್ಯಾ ಕೈಯಾಡಿಸಿತ್ತೇ ಎಂಬುದಕ್ಕೆ ಅದರಲ್ಲಿ ಹೌದು ಎಂಬ ಉತ್ತರವೂ ಇರಲಿಲ್ಲ, ಇಲ್ಲ ಎಂಬ ಉತ್ತರವೂ ಇರಲಿಲ್ಲ. ಆ ಪ್ರಶ್ನೆಯನ್ನು ಸರ್ಕಾರವು ಗಂಭೀರವಾಗಿ ಕೇಳಿಯೇ ಇರಲಿಲ್ಲ ಎಂಬುದೇ ಸಮಿತಿ ಕಂಡುಕೊಂಡ ಸಂಗತಿಯಾಗಿತ್ತು.

ವರದಿ ಜನರ ಕೈಸೇರಿದ್ದೇ ತಡವಾಗಿ. ಡೊಮಿನಿಕ್ ಗ್ರೀವ್ ಅಧ್ಯಕ್ಷರಾಗಿದ್ದ ಸಮಿತಿಯು ಅದನ್ನು 2019ರ ಅಕ್ಟೋಬರ್ 17ರಂದೇ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಒಪ್ಪಿಸಿತ್ತು. ಅವರ ಅನುಮತಿ ಬರುವ ಮೊದಲೇ ಸಂಸತ್ತು ವಿಸರ್ಜನೆಯಾಯಿತು, ಡಿಸೆಂಬರ್ 12ರಂದು ಸಾರ್ವತ್ರಿಕ ಚುನಾವಣೆ ಮುಗಿಯಿತು, ಹೊಸ ಸಮಿತಿ ರಚನೆಯಾಗುವ ಹೊತ್ತಿಗೆ ಮರುವರ್ಷದ ಜುಲೈ ಬಂದಿತ್ತು. ಚುನಾವಣೆಗಳ ಸುರಕ್ಷತೆಯನ್ನೂ ಚರ್ಚಿಸಿದ್ದ ವರದಿಯನ್ನು ಓದದೆಯೇ ಮತದಾರರು ಒಂದು ಚುನಾವಣೆಯಲ್ಲಿ ಮತ ಹಾಕಬೇಕಾಯಿತು.

ಒಳಗಿದ್ದ ವಿವರಗಳು ಇನ್ನಷ್ಟು ಕಳವಳ ಹುಟ್ಟಿಸುವಂಥವು. 2014ರ ಸ್ಕಾಟ್ಲೆಂಡ್ ಸ್ವಾತಂತ್ರ್ಯ ಜನಮತಗಣನೆಯ ಸಮಯದಲ್ಲಿಯೇ ರಷ್ಯಾ ಪ್ರಭಾವ ಬೀರಲು ಯತ್ನಿಸಿತ್ತೆಂಬುದಕ್ಕೆ ನಂಬಲರ್ಹವಾದ ಬಹಿರಂಗ ವಿಶ್ಲೇಷಣೆಗಳಿವೆ ಎಂದು ವರದಿ ಹೇಳುತ್ತದೆ. ಹಾಗಿದ್ದರೂ, ರಷ್ಯಾ ಕದ್ದಿದ್ದ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳು ಬ್ರೆಕ್ಸಿಟ್ ಮತದಾನ ಮುಗಿದ ಮುಂದಿನ ತಿಂಗಳು ಸೋರಿಕೆಯಾದ ಮೇಲಷ್ಟೇ ಬ್ರಿಟಿಷ್ ಸರ್ಕಾರ ಎಚ್ಚೆತ್ತುಕೊಂಡಂತೆ ಕಾಣುತ್ತದೆ. ಜನಮತಗಣನೆಯ ಬಗ್ಗೆ ಸಮಿತಿಯು ಲಿಖಿತ ಮಾಹಿತಿ ಕೇಳಿದಾಗ ಆಂತರಿಕ ಗುಪ್ತಚರ ಸಂಸ್ಥೆ ಎಂಐ5 ಮೊದಲಿಗೆ ಕೊಟ್ಟದ್ದು ಕೇವಲ ಆರು ಸಾಲುಗಳ ಉತ್ತರ. ಆ ಸಾಲುಗಳ ಮುಖ್ಯ ಭಾಗವೂ ಪ್ರಕಟಿತ ಪ್ರತಿಯಲ್ಲಿ ನಕ್ಷತ್ರ ಚಿಹ್ನೆಗಳ ಹಿಂದೆ ಮರೆಯಾಗಿದೆ. ಪ್ರಜಾಪ್ರಭುತ್ವದ ಪ್ರಕ್ರಿಯೆಯನ್ನು ಹೊರಗಿನವರಿಂದ ಕಾಯುವ ಹೊಣೆಯಲ್ಲಿ ಮುಂದಾಳುತನ ತನ್ನದೆಂದು ಯಾವ ಸಂಸ್ಥೆಯೂ ಭಾವಿಸಿರಲಿಲ್ಲ ಎಂಬುದು ಸಮಿತಿಯ ಆಕ್ಷೇಪ.

ಫಲಿತಾಂಶವೇ ಬದಲಾಯಿತೆಂದು ಸಮಿತಿ ಹೇಳಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಕಾಗದದ ಮತಪತ್ರ ಬಳಸಿ ಕೈಯಿಂದಲೇ ಎಣಿಸುವ ವ್ಯವಸ್ಥೆಯನ್ನು ತಿರುಚುವುದು ಕಷ್ಟವೆಂದು ಅದು ಒಪ್ಪಿತು. ಪ್ರಚಾರದಿಂದ ಎಷ್ಟು ಮತಗಳು ಅತ್ತಿತ್ತ ಸರಿದವೆಂದು ಅಳೆಯುವುದು ಬಹುಶಃ ಅಸಾಧ್ಯವೆಂದೂ ಹೇಳಿತು. ಅದು ಕೇಳಿದ್ದು ಅದಕ್ಕಿಂತ ಸರಳವಾದುದನ್ನು: ಅಂಥದೊಂದು ಪ್ರಯತ್ನ ನಡೆದಿತ್ತೇ ಎಂದು ಗುಪ್ತಚರ ಸಂಸ್ಥೆಗಳು ಈಗಲಾದರೂ ಪರಿಶೀಲಿಸಿ, ಬಹಿರಂಗಪಡಿಸಬಹುದಾದಷ್ಟನ್ನು ಜನರಿಗೆ ತಿಳಿಸಲಿ. ಅಮೆರಿಕದ ಸಂಸ್ಥೆಗಳು 2016ರ ನವೆಂಬರ್ ಚುನಾವಣೆಯ ಬಗ್ಗೆ 2017ರ ಜನವರಿಯಲ್ಲೇ ಅಂಥ ವರದಿ ಕೊಟ್ಟಿದ್ದವು.

ಸರ್ಕಾರ ಒಪ್ಪಲಿಲ್ಲ. ಯಶಸ್ವಿ ಹಸ್ತಕ್ಷೇಪಕ್ಕೆ ತಾನು ಪುರಾವೆ ಕಂಡಿಲ್ಲ, ಆದ್ದರಿಂದ ಹಿಂದಿನದನ್ನು ಪರಿಶೀಲಿಸುವ ಅಗತ್ಯವಿಲ್ಲ ಎಂದು ಅದು ಸಮಿತಿಯ ವರದಿ ಪ್ರಕಟವಾದ ದಿನವೇ ಉತ್ತರಿಸಿತು. ಈ ಉತ್ತರದಲ್ಲಿ ‘ಯಶಸ್ವಿ’ ಎಂಬ ಪದದ ಮೇಲೆ ನಾವು ಬೆರಳಿಡಬೇಕು. ವಿಫಲ ಯತ್ನಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹುಡುಕಿದರೂ ಸಿಗಲಿಲ್ಲ ಎನ್ನುವುದು ಒಂದು ಮಾತು, ಹುಡುಕದೆಯೇ ಕಾಣಲಿಲ್ಲ ಎನ್ನುವುದು ಬೇರೆಯೇ ಮಾತು.

ಬೆನ್ ಬ್ರಾಡ್‌ಶಾ ಸೇರಿದಂತೆ ಮೂವರು ಆಗಿನ ಸಂಸದರು ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದರು. ಮುಕ್ತ ಚುನಾವಣೆಯ ಹಕ್ಕು ಉಲ್ಲಂಘನೆಯಾಗಿಲ್ಲ ಎಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2025ರ ಜುಲೈನಲ್ಲಿ ತೀರ್ಪಿತ್ತಿತು. ಇದರ ನಡುವೆ ಬ್ರಿಟನ್ 2023ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆಯನ್ನು ತಂದು ವಿದೇಶಿ ಹಸ್ತಕ್ಷೇಪವನ್ನು ಅಪರಾಧವಾಗಿಸಿದೆ. ಆ ಕಾಯ್ದೆ ಮುಂದಿನ ಚುನಾವಣೆಗಳಿಗೆ ನೆರವಾಗಬಹುದು; 2016ರ ಕುರಿತು ಸಮಿತಿ ಕೇಳಿದ ಪರಿಶೀಲನೆಗೆ ಅದು ಬದಲಿಯಲ್ಲ.