ಮಳೆಯ ಅತ್ತರಿಗೆ ‘ನೆಮ್ಮದಿ’ ಎಂದು ಹೆಸರಿಡುವ ಮೊದಲು

ಪರಿಮಳದ ಚೀಟಿಯನ್ನು ಮೂಗಿನ ಹತ್ತಿರ ಹಿಡಿದ ಕೂಡಲೇ ಆ ಹಿರಿಯರು ನನ್ನ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡಿದರು. ಆಮೇಲೆ ಜಗಲಿಯಿಂದ ಇಳಿದು ಆಕಾಶ ನೋಡಿದರು. ಡಿಸೆಂಬರ್ ತಿಂಗಳು. ಕಾಸರಗೋಡಿನ ಬದಿಯಡ್ಕ ಕಡೆಯ ಮನೆ. ಅಂಗಳದ ತುಂಬ ಅಡಿಕೆ ಹರಡಿತ್ತು.

"ಮಳೆ ಉಂಟಾ ಹೇಗೆ?" ಎಂದು ಕೇಳಿದರು.

ಚೀಟಿಯಲ್ಲಿದ್ದದ್ದು ಮಿಟ್ಟಿ ಅತ್ತರ್. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಕಾಯಿಸಿ, ಅದರ ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ಗಂಧದೆಣ್ಣೆಗೆ ಇಳಿಸಿ ಮಾಡುವ ಅತ್ತರ್ ಅದು. ಮೊದಲ ಮಳೆಗೆ ನೆಲ ಬಿಡುವ ಪರಿಮಳ. ನನ್ನ ಪಟ್ಟಿಯಲ್ಲಿ ಅದರ ಎದುರು ‘ನೆಮ್ಮದಿ’ ಎಂದು ಬರೆದಿತ್ತು.

"ಮಾವ, ಇದು ನಿಮಗೆ ನೆಮ್ಮದಿ ಅನ್ನಿಸುವುದಿಲ್ವಾ?" ಎಂದೆ.

"ನೆಮ್ಮದಿಯಾ? ಇದು ಟಾರ್ಪಾಲು ಎಳೆಯಲು ಓಡುವ ಪರಿಮಳ."

ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹರಡುವ ಹಣ್ಣಡಿಕೆ, ಸರಿಯಾಗಿ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಹಾಗಾಗಿ ಒದ್ದೆ ಮಣ್ಣಿನ ಪರಿಮಳ ಬಂದರೆ ಅವರ ಎದೆ ಧಸಕ್ ಅನ್ನುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿನಲ್ಲಿ ಕೂತು, ಮಳೆ ಎಂದರೆ ಎಲ್ಲರಿಗೂ ಒಂದೇ ಎಂದು ನಾನು ಅಂದುಕೊಂಡಿದ್ದೆ. ಅಂದಿನಿಂದ ಇಡೀ ಕೆಲಸ ಮೊದಲಿಂದ ಶುರುವಾಯಿತು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಕಾಸರಗೋಡಿನಲ್ಲಿ ಲೇಬಲ್, ಪೆಟ್ಟಿಗೆ, ಪ್ಯಾಕಿಂಗ್ ವಿನ್ಯಾಸ ಮಾಡುವವನು. ಸಣ್ಣ ಅತ್ತರ್ ವ್ಯಾಪಾರ ಶುರು ಮಾಡಿದ ಇಲ್ಲಿಯದೇ ಒಬ್ಬ ಹುಡುಗಿ, ನಾಲ್ಕು ಪುಟ್ಟ ಬಾಟಲಿಗಳ ಸೆಟ್ ಬೇಕು, ಒಂದೊಂದಕ್ಕೂ ಒಂದೊಂದು ಭಾವನೆಯ ಹೆಸರು ಇರಬೇಕು ಎಂದು ಕೇಳಿದಳು. ಮಿಟ್ಟಿ, ಲಾವಂಚ, ಮಲ್ಲಿಗೆ, ಊದ್. ಈಗ ಇಂಥ ಕೆಲಸಗಳು ತುಂಬ ಬರುತ್ತವೆ. ಹೋಂಸ್ಟೇಯವರು ಕೇಳುತ್ತಾರೆ, ಸಾಬೂನು ಮಾಡುವವರು ಕೇಳುತ್ತಾರೆ, ಅಂಗಡಿಯೊಳಗೆ ಯಾವ ಪರಿಮಳ ಬಿಡಬೇಕು ಎಂದು ಬಟ್ಟೆಯವರೂ ಕೇಳುತ್ತಾರೆ.

ವಿನ್ಯಾಸ ಕಲಿತವರು ಸಾಮಾನ್ಯವಾಗಿ ಒಂದು ಚಕ್ರ ಹಿಡಿದು ಕೂರುತ್ತಾರೆ. ರಾಬರ್ಟ್ ಪ್ಲಚಿಕ್ ಎಂಬ ಮನಶ್ಶಾಸ್ತ್ರಜ್ಞ 1980ರಲ್ಲಿ ಕೊಟ್ಟ ಭಾವನೆಗಳ ಚಕ್ರ. ಎಂಟು ಮೂಲ ಭಾವನೆ, ಎಂಟು ಬಣ್ಣ. ಅದರ ಪಕ್ಕಕ್ಕೆ ಪರಿಮಳಗಳನ್ನು ಜೋಡಿಸಿದರೆ ನೋಡಲು ಚೆಂದ ಕಾಣುತ್ತದೆ: ಲ್ಯಾವೆಂಡರಿಗೆ ಶಾಂತಿ, ನಿಂಬೆಗೆ ಉಲ್ಲಾಸ, ಗುಲಾಬಿಗೆ ಪ್ರೀತಿ. ಭಾವನೆಗಳ ಬಗ್ಗೆ ಯೋಚಿಸಲು ಆ ಚಕ್ರ ಒಳ್ಳೆಯದೇ. ಆದರೆ ಪರಿಮಳದ ಕೆಲಸವನ್ನು ಅಲ್ಲಿಂದ ಶುರು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪರಿಮಳದೊಳಗೆ ಭಾವನೆ ಇಲ್ಲ. ಮೂಸುವವರ ಬದುಕಿನಲ್ಲಿ ಅದು ಯಾವಾಗಲೋ ಬಂದು ಅಂಟಿಕೊಂಡಿರುತ್ತದೆ.

ದೇಹದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳಲ್ಲಿ ಸುಮಾರು 400 ಬಗೆ ಇವೆ. ಈ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಮೊದಲು ಥಲಾಮಸ್ ಎಂಬ ಜಂಕ್ಷನ್ನಿಗೆ ಹೋಗಿ ಅಲ್ಲಿಂದ ಮುಂದೆ ಹೋಗುತ್ತದೆ. ಮೂಗಿನ ಸುದ್ದಿ ಆ ಜಂಕ್ಷನ್ನಿಗೆ ಕಾಯುವುದಿಲ್ಲ. ಭಯ, ಇಷ್ಟ, ಬೇಸರ ಎಲ್ಲ ಏಳುವ ಅಮಿಗ್ಡಾಲಕ್ಕೆ ಅದು ಬೇಗ ಮುಟ್ಟುತ್ತದೆ, ನೆನಪು ಕೂಡಿಡುವ ಹಿಪೊಕ್ಯಾಂಪಸ್ ಅಲ್ಲೇ ಪಕ್ಕದಲ್ಲಿದೆ. ಅದಕ್ಕೇ ಆ ಮಾವ "ಇದು ಮಣ್ಣಿನ ಅತ್ತರ್" ಎಂದು ಗುರುತಿಸುವ ಮೊದಲೇ ಅವರ ಕಾಲು ಅಂಗಳಕ್ಕೆ ಇಳಿದಿತ್ತು.

ಇದಕ್ಕೂ ಮೊದಲೊಮ್ಮೆ ನನಗೆ ಇದೇ ಪಾಠ ಬೇರೆ ರೀತಿ ಸಿಕ್ಕಿತ್ತು, ಆದರೆ ಆಗ ಪೂರ್ತಿ ಅರ್ಥವಾಗಿರಲಿಲ್ಲ. ಒಂದು ಕಡೆ ಜನ ಕಾಯುವ ಕೋಣೆಗೆ ಪರಿಮಳ ಆರಿಸಿ ಕೊಡಬೇಕಿತ್ತು. ಪುಸ್ತಕದಲ್ಲಿ ಲೆಮನ್ ಗ್ರಾಸ್ ಎಂದರೆ ತಾಜಾತನ, ಚುರುಕು. ಅದನ್ನೇ ಕೊಟ್ಟೆ. ಬಂದವರೆಲ್ಲ "ಈಗಷ್ಟೇ ನೆಲ ಒರೆಸಿದ್ದಾ?" ಎಂದು ಚಪ್ಪಲಿ ಬಿಚ್ಚಿ ಬಾಗಿಲಲ್ಲೇ ನಿಲ್ಲುತ್ತಿದ್ದರಂತೆ. ಕೇರಳದಲ್ಲಿ ಅದು ಪುಲ್ತೈಲ ಅಲ್ವಾ? ಒಂದು ಕಾಲಕ್ಕೆ ಹೊರದೇಶಗಳಲ್ಲಿ ಕೊಚ್ಚಿಯ ಹೆಸರಿನಲ್ಲೇ ಮಾರಾಟವಾದ ಎಣ್ಣೆ, ನಮ್ಮ ಮನೆಗಳಲ್ಲಿ ಬಕೆಟ್ ನೀರಿಗೆ ನಾಲ್ಕು ಹನಿ ಬೀಳುವ ಎಣ್ಣೆ. ಆಸ್ಪತ್ರೆಯ ವರಾಂಡದಲ್ಲೂ ಅದೇ. ತಾಜಾತನ ಹೌದು, ಆದರೆ ಒದ್ದೆ ನೆಲದ ತಾಜಾತನ.

ಹಾಗಾದರೆ ಏನು ಕೇಳಬೇಕು? "ಯಾವ ಭಾವನೆ ಬರುತ್ತದೆ?" ಎಂದು ಕೇಳಿದರೆ ನಮ್ಮೂರಿನಲ್ಲಿ ಉತ್ತರ ಒಂದೇ, "ಒಳ್ಳೆದುಂಟು". ಬೇಜಾರು ಮಾಡಬಾರದು ಎಂದು ಹೇಳುವ ಮಾತು ಅದು, ಅದರಿಂದ ಲೇಬಲ್ ಆಗುವುದಿಲ್ಲ. ನಾನೀಗ ಮೂರೇ ಪ್ರಶ್ನೆ ಕೇಳುತ್ತೇನೆ. ಕಣ್ಣು ಮುಚ್ಚಿ, ಎಲ್ಲಿದ್ದೀರಿ? ಪಕ್ಕದಲ್ಲಿ ಯಾರಿದ್ದಾರೆ? ಎಷ್ಟು ಗಂಟೆ ಆಗಿರಬಹುದು? ಆಮೇಲೆ ಸುಮ್ನೆ ಕೂರಬೇಕು. ಭಾವನೆ ಕಥೆಯ ಹಿಂದೆ ತಾನಾಗಿ ಬರುತ್ತದೆ.

ಊದ್ ಚೀಟಿಯನ್ನು ತಳಂಗರೆ ಕಡೆಯ ಒಬ್ಬ ಅಕ್ಕನಿಗೆ ಕೊಟ್ಟಾಗ ಹೀಗೇ ಆಯಿತು. ಅಗರು ಮರಕ್ಕೆ ಶಿಲೀಂಧ್ರ ತಗುಲಿದಾಗ ಅದು ತನ್ನ ಗಾಯಕ್ಕೆ ತಾನೇ ತುಂಬಿಕೊಳ್ಳುವ ರಾಳದಿಂದ ಊದ್ ಬರುತ್ತದೆ. ಪೇಟೆಯಲ್ಲಿ ಅದರ ಹೆಸರು ‘ವೈಭವ’, ‘ಗತ್ತು’, ಬಾಟಲಿಗೆ ಕಪ್ಪು ಮತ್ತು ಚಿನ್ನದ ಬಣ್ಣ. ಅಕ್ಕ ಮೊದಲು ನಕ್ಕರು. ಮನೆಯವರು ಗಲ್ಫಿನಿಂದ ಬಂದ ದಿನ ಪೆಟ್ಟಿಗೆಯ ಹಗ್ಗ ಕತ್ತರಿಸಿ ಮುಚ್ಚಳ ಎತ್ತಿದಾಗ ಸಾಬೂನು, ಪೌಡರ್, ಅತ್ತರ್ ಎಲ್ಲ ಒಟ್ಟಿಗೆ ಬರುವ ಪರಿಮಳ, ಸುತ್ತ ಕೂತ ಮಕ್ಕಳು, ಅದನ್ನು ಹೇಳಿದರು. ಆಮೇಲೆ ಚೀಟಿಯನ್ನು ಮತ್ತೊಮ್ಮೆ ಮೂಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಜೆ ಮುಗಿಸಿ ಅವರು ಹೋದ ಮೇಲೆ ಒಂದು ಅಂಗಿಯನ್ನು ಒಗೆಯದೆ ಕಪಾಟಿನಲ್ಲಿ ಇಡುತ್ತಿದ್ದರಂತೆ. ಕಾಲರಿನಲ್ಲಿ ಪರಿಮಳ ಇರುವಷ್ಟು ದಿನ. ಒಂದೇ ಚೀಟಿಯಲ್ಲಿ ಬರುವುದೂ ಇತ್ತು, ಹೋಗುವುದೂ ಇತ್ತು. ಇದಕ್ಕೆ ‘ಗತ್ತು’ ಎಂದು ಹೆಸರಿಡಲು ನನಗೆ ಕೈ ಬರಲಿಲ್ಲ. ಕಪ್ಪು ಚಿನ್ನ ಎರಡನ್ನೂ ಬಿಟ್ಟೆವು. ಪ್ರಯಾಣದ ಪೆಟ್ಟಿಗೆಗೆ ಬಿಗಿಯುವ ಹಳದಿ ಹಗ್ಗದ ಒಂದು ಗೆರೆ ಮಾತ್ರ ಲೇಬಲಿನ ಮೇಲೆ ಉಳಿಯಿತು.

ಮಲ್ಲಿಗೆಯಲ್ಲಿ ಬೇರೆ ಸಮಸ್ಯೆ. ಮುಡಿದ ಹೂವಿನ ಪರಿಮಳವೂ ಬಾಟಲಿಯ ಪರಿಮಳವೂ ಒಂದೇ ಅಲ್ಲ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಂಶ ಇದೆ, ಹಿತಮಿತವಾಗಿದ್ದರೆ ಹೂ ಅರಳಿದ ಹಾಗೆ, ಜಾಸ್ತಿಯಾದರೆ ಭಾರ, ಕೊಳೆತ ಹಾಗೆ. ನಮ್ಮ ಮೊದಲ ಸ್ಯಾಂಪಲನ್ನು ಮೂಸಿದ ಹೆಂಗಸರು "ಇದು ಮರುದಿನದ ಮಲ್ಲಿಗೆ" ಎಂದರು. ಮದುವೆ ಮುಗಿದು ನೆಂಟರು ಹೋದ ಮನೆಯಲ್ಲಿ ದಿಂಬಿನ ಮೇಲೆ ಬಾಡಿ ಬಿದ್ದ ಹೂ. ಹೆಸರು ಬದಲಿಸುವುದಕ್ಕಿಂತ ಸ್ಯಾಂಪಲನ್ನೇ ಬದಲಿಸಿದೆವು. ಲಾವಂಚಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಲಿಲ್ಲ, ಎಲ್ಲರೂ ಮಣ್ಣಿನ ಹೂಜಿ ಮತ್ತು ಮಧ್ಯಾಹ್ನವನ್ನೇ ಹೇಳಿದರು.

ಪರೀಕ್ಷೆ ಮಾಡುವವರಿಗೆ ಎರಡು ಮಾತು. ಒಮ್ಮೆಗೆ ನಾಲ್ಕಕ್ಕಿಂತ ಜಾಸ್ತಿ ಚೀಟಿ ಕೊಡಬೇಡಿ, ಮೂಗು ಬೇಗ ದಣಿಯುತ್ತದೆ. ನಡುವೆ ಹೊರಗಿನ ಗಾಳಿಗೆ ನಿಂತು ಬಂದರೆ ಸಾಕು. ಮತ್ತೆ, ಹಚ್ಚಿದ ಕೂಡಲೇ ಬಂದ ಉತ್ತರವನ್ನು ಮಾತ್ರ ನಂಬಬೇಡಿ. ಹಗುರವಾದ ಅಂಶಗಳು ಮೊದಲ ಹದಿನೈದು ಇಪ್ಪತ್ತು ನಿಮಿಷದಲ್ಲೇ ಹಾರಿಹೋಗುತ್ತವೆ, ಭಾರದವು ಗಂಟೆಗಟ್ಟಲೆ ಇರುತ್ತವೆ. ಎಣ್ಣೆಯ ಅತ್ತರ್‌ನಲ್ಲಿ ಸ್ಪ್ರೇಯ ಹಾಗೆ ಆಲ್ಕೋಹಾಲ್ ಇಲ್ಲ, ಅದು ಚರ್ಮಕ್ಕೆ ಹತ್ತಿರವಾಗಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಹಚ್ಚಿದ್ದನ್ನು ರಾತ್ರಿ ಮೂಸಿ ಫೋನ್ ಮಾಡಿ ಹೇಳಿದವರ ಮಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಹೆಸರಿನ ಬಗ್ಗೆ ಜಾಗ್ರತೆ ಬೇಕು, ಯಾಕೆಂದರೆ ಹೆಸರು ಮೂಗನ್ನೇ ಬದಲಿಸುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಚೆಲ್ ಹರ್ಜ್ ಮತ್ತು ಜೊತೆಗಾರರು ಒಂದೇ ವಾಸನೆಯನ್ನು ಒಮ್ಮೆ ಪಾರ್ಮೆಸಾನ್ ಚೀಸ್ ಎಂದೂ ಇನ್ನೊಮ್ಮೆ ವಾಂತಿ ಎಂದೂ ಹೇಳಿ ಮೂಸಲು ಕೊಟ್ಟರು. ಚೀಸ್ ಎಂದಾಗ ಹಿತವಾಯಿತು, ವಾಂತಿ ಎಂದಾಗ ಅಸಹ್ಯವಾಯಿತು. ನಾವು ಲೇಬಲಿನ ಮೇಲೆ ಬರೆಯುವ ಪದಕ್ಕೆ ಅಷ್ಟು ಬಲ ಇದೆ.

ಕಾಸರಗೋಡಿನಲ್ಲಿ ಆ ಪದ ಕನ್ನಡಕ್ಕೂ ಮಲಯಾಳಕ್ಕೂ ಸಲ್ಲಬೇಕು. ‘ವಾಸನೆ’ಯನ್ನೇ ತೆಗೆದುಕೊಳ್ಳಿ. ಮಲಯಾಳದಲ್ಲಿ ‘ನಲ್ಲ ವಾಸನ’ ಸಹಜ ಮಾತು, ಹುಟ್ಟಿನಿಂದ ಬಂದ ಪ್ರತಿಭೆಗೂ ಅವರು ವಾಸನ ಎನ್ನುತ್ತಾರೆ. ಕನ್ನಡದಲ್ಲಿ "ಏನೋ ವಾಸನೆ" ಎಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ‘ಪೂರ್ವಜನ್ಮದ ವಾಸನೆ’ ಎಂದಾಗ ಅದೇ ಪದ ಮನಸ್ಸಿನಲ್ಲಿ ಉಳಿದ ಹಳೆಯ ಗುರುತಾಗುತ್ತದೆ. ಈ ಕೆಲಸಕ್ಕೆ ಇಳಿದ ಮೇಲೆ ಆ ಪದದ ಮೇಲೆ ನನಗೆ ತುಂಬ ಪ್ರೀತಿ ಬಂದಿದೆ. ಕಮಟು, ಮುಗ್ಗಲು, ಸೊಗಡು, ಘಾಟು, ಕಂಪು, ಘಮ, ಎಷ್ಟು ಪದ ನಮ್ಮಲ್ಲಿವೆ! ಆದರೂ ಪ್ರಶ್ನೆಪಟ್ಟಿಗಳಲ್ಲಿ ಇವತ್ತಿಗೂ ‘ಇಷ್ಟ’, ‘ಇಷ್ಟವಿಲ್ಲ’ ಎಂಬ ಎರಡೇ ಚೌಕ ಇರುತ್ತವೆ.

ಮಿಟ್ಟಿ ಅತ್ತರಿನ ಹೆಸರು ಕೊನೆಯವರೆಗೂ ಬಾಕಿ ಇತ್ತು. ಎಲ್ಲರ ಉತ್ತರಗಳನ್ನು ಹರಡಿಕೊಂಡು ಕೂತಾಗ ಒಂದು ವಿಷಯ ಕಂಡಿತು. ಮಳೆಯ ಪರಿಮಳಕ್ಕೆ ಖುಷಿಯಾದವರು ಸುಮಾರು ಎಲ್ಲರೂ ಹೊಸ ಕೊಡೆ, ಹೊಸ ಪುಸ್ತಕ, ಒದ್ದೆ ಚೀಲದ ಬಗ್ಗೆ ಹೇಳಿದ್ದರು. ಕೇರಳಕ್ಕೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 1, ಶಾಲೆ ತೆರೆಯುವುದೂ ಸಾಮಾನ್ಯವಾಗಿ ಅದೇ ದಿನ. ಲೇಬಲ್ ಹೆಬ್ಬೆರಳಿನ ಉಗುರಿನಷ್ಟು ಅಗಲ. ‘ಜೂನ್ 1’ ಎಂದು ಬರೆದರೆ ಜಾಗವೂ ಸಾಕು, ಎರಡೂ ಭಾಷೆಯಲ್ಲಿ ಅದೇ ಹೆಸರು.

ಹೊಸ ಲೇಬಲ್ ಅಂಟಿಸಿದ ಬಾಟಲಿ ಹಿಡಿದು ಮತ್ತೆ ಬದಿಯಡ್ಕದ ಆ ಮನೆಗೆ ಹೋದೆ. ಮಾವ ಕನ್ನಡಕ ಹಾಕಿ ಓದಿದರು, ಮುಚ್ಚಳ ತೆಗೆದು ಮೂಸಿದರು. ಈ ಸಲ ಬಾಗಿಲ ಕಡೆ ನೋಡಲಿಲ್ಲ.

"ಜೂನ್ ಒಂದಕ್ಕಾದರೆ ಅಡ್ಡಿಯಿಲ್ಲ. ಆಗ ಅಂಗಳ ಖಾಲಿ, ತೋಟಕ್ಕೆ ಮೊದಲ ಮದ್ದೂ ಬಿಟ್ಟಾಗಿರುತ್ತದೆ" ಎಂದು ಹೇಳಿ ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡರು.