ಒಂದು ತೊಗರಿ ಬೇರು, ಎರಡು ಬಗೆಯ ಜೀವಕೋಶ

ಎರಡು ವರ್ಷದ ಹಿಂದೆ, ಅಕ್ಟೋಬರ್ ಕೊನೆಯ ವಾರ. ಆಳಂದ ಕಡೆಯ ಹಿರಿಯ ರೈತರೊಬ್ಬರು ಬುಡಸಹಿತ ಕಿತ್ತ ತೊಗರಿ ಗಿಡವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಲಬುರಗಿಯ ನಮ್ಮ ಪ್ರಯೋಗಾಲಯಕ್ಕೆ ಬಂದರು. ಹೂವು ಕಾಯಾಗುವ ಹೊತ್ತಿಗೆ ಗಿಡ ಜೋತುಬಿದ್ದಿತ್ತು. ಅಂಗಿಯ ಜೇಬಿನಿಂದ ಖಾಲಿ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ‘ಸಾಹೇಬರೇ, ಇದನ್ನು ಎರಡು ಸಲ ಹೊಡೆದೆ. ಎರಡನೇ ಸಲ ಪ್ರಮಾಣವನ್ನೂ ಹೆಚ್ಚು ಮಾಡಿದೆ. ಒಣಗುವುದು ನಿಲ್ಲಲಿಲ್ಲ, ಮೇಲಾಗಿ ಚಿಗುರೆಲ್ಲ ಬಿಳಿಚಿಕೊಂಡಿತು’ ಎಂದರು. ಪೊಟ್ಟಣದ ಮೇಲೆ ಸ್ಟ್ರೆಪ್ಟೊಮೈಸಿನ್ ಎಂದು ಬರೆದಿತ್ತು.

ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿದೆ. ತೊಗಟೆಯ ಕೆಳಗೆ ಬೆಳ್ಳಗಿರಬೇಕಾದ ಕಟ್ಟಿಗೆಯಲ್ಲಿ ಕಂದುಗಪ್ಪು ಗೆರೆಗಳು ಬೇರಿನಿಂದ ಮೇಲಕ್ಕೆ ಹತ್ತಿದ್ದವು. ನಮ್ಮ ಕಡೆ ನೆಟೆ ರೋಗ ಎನ್ನುವುದು ಇದನ್ನೇ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ನುಗ್ಗಿ, ನೀರು ಏರುವ ನಾಳಗಳಲ್ಲೇ ಬೆಳೆದು, ಗಿಡವನ್ನು ನೀರಿಲ್ಲದೆ ಒಣಗಿಸುತ್ತದೆ. ಆ ರೈತ ಕಾಕಾ ಕೊಂಡ ಔಷಧಿ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು. ಹೊಲದಲ್ಲಿದ್ದ ರೋಗ ಶಿಲೀಂಧ್ರದ್ದು.

ಈ ಎರಡರ ನಡುವಿನ ಅಂತರವನ್ನು ನಾವು ಪಿಯುಸಿಯಲ್ಲಿ ಪ್ರೊಕ್ಯಾರಿಯೋಟ್ (ಕೋಶಕೇಂದ್ರವಿಲ್ಲದ್ದು), ಯೂಕ್ಯಾರಿಯೋಟ್ (ಕೋಶಕೇಂದ್ರವಿರುವುದು) ಎಂಬ ಎರಡು ಕಾಲಂಗಳ ಪಟ್ಟಿಯಾಗಿ ಬಾಯಿಪಾಠ ಮಾಡಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಪಟ್ಟಿ ಮರೆತುಹೋಗುತ್ತದೆ. ಅದೇ ವ್ಯತ್ಯಾಸ ಹೊಲದಲ್ಲಿ ದುಡ್ಡಿನ ಲೆಕ್ಕವಾಗಿ ಎದುರು ನಿಲ್ಲುತ್ತದೆಂದು ನಮಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ಈ ಪಾಠವನ್ನು ನಾನು ಯಾವಾಗಲೂ ಕೈಯಲ್ಲಿ ತೊಗರಿ ಬೇರನ್ನು ಹಿಡಿದೇ ಹೇಳುತ್ತೇನೆ.

ಒಂದು ಬೇರಿನಲ್ಲಿ ಮೂವರಿದ್ದಾರೆ. ಬೇರು ತೊಗರಿಯದು. ಬೇರಿಗೆ ಅಂಟಿದ ಸಣ್ಣ ಗಂಟುಗಳೊಳಗೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಇದೆ. ರೋಗ ಬಂದಿದ್ದರೆ ನಾಳಗಳಲ್ಲಿ ಫ್ಯುಸೇರಿಯಂ ಎಳೆಗಳಿವೆ. ಇವರಲ್ಲಿ ಬ್ಯಾಕ್ಟೀರಿಯಾ ಮಾತ್ರ ಪ್ರೊಕ್ಯಾರಿಯೋಟ್. ತೊಗರಿ, ಶಿಲೀಂಧ್ರ, ಬೇರು ಹಿಡಿದು ನಿಂತ ನಾನು, ಎದುರು ಕುಳಿತ ಕಾಕಾ, ಎಲ್ಲರೂ ಯೂಕ್ಯಾರಿಯೋಟ್ ಕುಲ. ಅಂದರೆ ತೊಗರಿಯ ಶತ್ರು ಅದರ ದಾಯಾದಿ. ಅನ್ನ ಕೊಡುವ ಮಿತ್ರನೇ ಹೊರಗಿನವನು.

ರಚನೆಯ ಮಾತಿಗೆ ಬರೋಣ. ಪ್ರೊಕ್ಯಾರಿಯೋಟ್ ಕೋಶ ಒಂದಂಕಣದ ಮನೆಯಂತೆ. ಅಡುಗೆ, ದವಸ, ಹಾಸಿಗೆ ಎಲ್ಲ ಅಲ್ಲೇ. ವಂಶದ ದಾಖಲೆಯಾದ ಡಿಎನ್‌ಎ ಸಾಮಾನ್ಯವಾಗಿ ಒಂದೇ ಉಂಗುರವಾಗಿ, ಯಾವ ಕೋಣೆಯ ಗೋಡೆಯೂ ಇಲ್ಲದೆ ನಡುಮನೆಯಲ್ಲೇ ಮುದುಡಿಕೊಂಡಿರುತ್ತದೆ. ಯೂಕ್ಯಾರಿಯೋಟ್ ಕೋಶ ಹಳೆಯ ವಾಡೆಯಂತೆ. ದಾಖಲೆಗೆ ಪ್ರತ್ಯೇಕ ಕೋಣೆ, ಅದೇ ಕೋಶಕೇಂದ್ರ. ಶಕ್ತಿ ತಯಾರಿಸಲು ಮೈಟೋಕಾಂಡ್ರಿಯಾ, ಗಿಡವಾದರೆ ಬಿಸಿಲು ಹಿಡಿಯಲು ಕ್ಲೋರೋಪ್ಲಾಸ್ಟ್, ಸರಕು ಕಟ್ಟಿ ಕಳುಹಿಸಲು ಗಾಲ್ಜಿ. ಬ್ಯಾಕ್ಟೀರಿಯಾದ ಉದ್ದ ಸಾಧಾರಣವಾಗಿ ಒಂದೆರಡು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೇರಿನ ಕೋಶ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ತೊಗರಿಯ ಡಿಎನ್‌ಎ 11 ಜೊತೆ ವರ್ಣತಂತುಗಳಲ್ಲಿ ಸುಮಾರು 83 ಕೋಟಿ ಅಕ್ಷರಗಳಷ್ಟಿದೆ. ಆ ಅಕ್ಷರಗಳನ್ನು ಓದಿದ ತಂಡದ ಮುಂದಾಳುತನ ನಮ್ಮ ಪಕ್ಕದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನದು ಎಂಬುದು ನನಗೆ ಹೆಮ್ಮೆಯ ವಿಷಯ. ಸೋಯಾ ಬೇರಿನಲ್ಲಿ ಗಂಟು ಕಟ್ಟುವ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾದಲ್ಲಿರುವುದು ಒಂದೇ ಉಂಗುರ, ಸುಮಾರು 91 ಲಕ್ಷ ಅಕ್ಷರ.

ಕೋಣೆ ಇಲ್ಲದಿರುವುದು ಬಡತನವಲ್ಲ. ವಾಡೆಯಲ್ಲಿ ದಾಖಲೆಯನ್ನು ಒಳಕೋಣೆಯಲ್ಲಿ ನಕಲು ಮಾಡಿ, ತಿದ್ದಿ, ಹೊರಗೆ ಕಳುಹಿಸಿದ ಮೇಲೆ ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಬ್ಯಾಕ್ಟೀರಿಯಾದಲ್ಲಿ ನಕಲು ನಡೆಯುತ್ತಿರುವಾಗಲೇ ರೈಬೋಸೋಮ್ ಬಂದು ಕೂತು ಕೆಲಸ ಶುರು ಮಾಡುತ್ತದೆ. ಆ ಸರಾಗವೂ ನೆರವಾಗಿ ಕರುಳಿನ ಇ. ಕೋಲಿ ಎಲ್ಲ ಅನುಕೂಲವಿದ್ದಾಗ 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಆದರೆ ಈ 20 ನಿಮಿಷವನ್ನು ಎಲ್ಲ ಬ್ಯಾಕ್ಟೀರಿಯಾಗೂ ಅಂಟಿಸಬಾರದು. ತೊಗರಿಯಲ್ಲಿ ಗಂಟು ಕಟ್ಟುವುದು ಹೆಚ್ಚಾಗಿ ನಿಧಾನ ಬೆಳೆಯುವ ಬ್ರಾಡಿರೈಜೋಬಿಯಂ. ಪ್ರಯೋಗಾಲಯದ ತಟ್ಟೆಯಲ್ಲಿ ಅದರ ಗುಂಪು ಚುಕ್ಕೆಯಾಗಿ ಕಣ್ಣಿಗೆ ಬೀಳಲು ನಾವು ವಾರದವರೆಗೆ ಕಾಯುತ್ತೇವೆ. ಅಷ್ಟರಲ್ಲಿ ಪಕ್ಕದ ತಟ್ಟೆಯ ಫ್ಯುಸೇರಿಯಂ ಅರಳಿದ ಹತ್ತಿಯಂತೆ ತುಂಬಿರುತ್ತದೆ.

ಈಗ ಆ ಗಂಟು. ಬಿತ್ತಿದ ನಲವತ್ತು ದಿನಗಳ ಸುಮಾರಿಗೆ ಎರೆ ಮಣ್ಣು ಹಸಿಯಿರುವಾಗ ಗಿಡವನ್ನು ಅಗೆದು ತೆಗೆಯಿರಿ, ಜಗ್ಗಬೇಡಿ. ಜಗ್ಗಿದರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ನೀರಿನಲ್ಲಿ ತೊಳೆದು ಒಂದು ಗಂಟನ್ನು ಉಗುರಿನಿಂದ ಬಿಡಿಸಿ. ಸುಲಭವಾಗಿ ಕಳಚಿ ಬಂದರೆ ಅದು ರೈಜೋಬಿಯಂ ಗಂಟು. ಬೇರೇ ಊದಿಕೊಂಡಿದ್ದು ಕಳಚದಿದ್ದರೆ ಅದು ಜಂತುಹುಳುವಿನ ಬಾಧೆ. ಇವೆರಡನ್ನೂ ಬೇರುಗಂಟು ಎಂದೇ ಕರೆದು ಅನೇಕರು ಮೋಸಹೋಗುತ್ತಾರೆ. ಕಳಚಿದ ಗಂಟನ್ನು ಬ್ಲೇಡಿನಿಂದ ಅರ್ಧ ಮಾಡಿ. ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ. ಬಿಳಿಯಿದ್ದರೆ ಶುರುವಾಗಿಲ್ಲ ಅಥವಾ ಆಗುವುದಿಲ್ಲ. ಹಸಿರುಗಂದು ಇದ್ದರೆ ಕೆಲಸ ಮುಗಿದಿದೆ.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು. ಅದರ ಪ್ರೋಟೀನ್ ಕಟ್ಟುವುದು ತೊಗರಿ, ಕಟ್ಟುವುದು ಬ್ಯಾಕ್ಟೀರಿಯಾಕ್ಕೋಸ್ಕರ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಾದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಎಂಬ ಕಿಣ್ವ ಅದನ್ನು ಅಮೋನಿಯಾ ಮಾಡುತ್ತದೆ. ಯೂರಿಯಾ ಕಾರ್ಖಾನೆಗಳು 400 ಡಿಗ್ರಿಗೂ ಮೀರಿದ ಶಾಖ, ನೂರಾರು ಪಟ್ಟು ಒತ್ತಡ ಹಾಕಿ ಮಾಡುವ ಕೆಲಸ ಅದು. ಆಮ್ಲಜನಕ ತಗುಲಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಆಮ್ಲಜನಕ ಬೇಕೇ ಬೇಕು. ಆ ಕೆಂಪು ಪ್ರೋಟೀನ್ ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಕೊಡುತ್ತದೆ. ತೊಗರಿಯ ಒಂದೊಂದು ಕೋಶದೊಳಗೆ ಸಾವಿರಾರು ಬ್ಯಾಕ್ಟೀರಿಯಾಗಳು ತೊಗರಿಯದೇ ಪೊರೆ ಹೊದ್ದು, ತೊಗರಿಯ ಸಕ್ಕರೆಯಿಂದಾದ ಆಹಾರ ತಿಂದು ದುಡಿಯುತ್ತವೆ. 83 ಕೋಟಿ ಅಕ್ಷರಗಳ ವಾಡೆಗೆ ಬಾರದ ವಿದ್ಯೆ ಒಂದಂಕಣದ ಮನೆಗೆ ಬರುತ್ತದೆ. ಸ್ವಂತವಾಗಿ ಸಾರಜನಕ ಹಿಡಿಯುವ ಯೂಕ್ಯಾರಿಯೋಟ್ ಇಲ್ಲವೆಂದೇ ನಾವು ಕಲಿತಿದ್ದೆವು. 2024ರಲ್ಲಿ ಒಂದು ಸಮುದ್ರಪಾಚಿಯೊಳಗೆ ಅಂಥ ಕೆಲಸ ಮಾಡುವ ಅಂಗಕವನ್ನು ಗುರುತಿಸಿ ನೈಟ್ರೋಪ್ಲಾಸ್ಟ್ ಎಂದು ಕರೆದರು. ಅದೂ ಮೂಲದಲ್ಲಿ ಒಳಗೆ ಬಂದು ನೆಲೆಸಿದ ಬ್ಯಾಕ್ಟೀರಿಯಾವೇ.

ಹೀಗೆ ಒಳಗೆ ಬಂದು ಮನೆಯವರಾದವರು ಇನ್ನೂ ಇದ್ದಾರೆ, ಕಾಕಾನ ಚಿಗುರು ಬಿಳಿಚಿದ ಗುಟ್ಟೂ ಅಲ್ಲೇ ಇದೆ. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಅಂಟಿ ಪ್ರೋಟೀನ್ ತಯಾರಿಯನ್ನು ಕೆಡಿಸುತ್ತದೆ. ಪ್ರೊಕ್ಯಾರಿಯೋಟ್ ರೈಬೋಸೋಮ್ 70ಎಸ್ (ಎಸ್ ಎಂಬುದು ದ್ರವದಲ್ಲಿ ತಿರುಗಿಸಿದಾಗ ಕಣ ತಳಕ್ಕಿಳಿಯುವ ವೇಗದ ಅಳತೆ), ಯೂಕ್ಯಾರಿಯೋಟ್ ಕೋಶದ ಮುಖ್ಯ ರೈಬೋಸೋಮ್ 80ಎಸ್. ಆಕಾರ ಬೇರೆಯಾದ್ದರಿಂದ ಶಿಲೀಂಧ್ರಕ್ಕೆ ಅದು ತಟ್ಟುವುದಿಲ್ಲ. ಆದರೆ ಎಲೆಯ ಕ್ಲೋರೋಪ್ಲಾಸ್ಟ್ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು, ಮೈಟೋಕಾಂಡ್ರಿಯಾ ಕೂಡ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಇದನ್ನು ವಾದಿಸಿ ಬರೆದಾಗ ನಂಬಿದವರು ಕಡಿಮೆ. ಇಂದು ಅದು ಪಠ್ಯಪುಸ್ತಕದ ಮಾತು. ಕ್ಲೋರೋಪ್ಲಾಸ್ಟ್ ತನ್ನ ಹಳೆಯ ಬ್ಯಾಕ್ಟೀರಿಯಾ ಬಗೆಯ ರೈಬೋಸೋಮ್ ಅನ್ನು ಇನ್ನೂ ಇಟ್ಟುಕೊಂಡಿದೆ. ಪ್ರಮಾಣ ಹೆಚ್ಚಾದಾಗ ಸ್ಟ್ರೆಪ್ಟೊಮೈಸಿನ್ ಅಲ್ಲಿಗೇ ತಾಕಿ, ಹೊಸ ಎಲೆಗೆ ಹಸಿರು ಬರದಂತೆ ಮಾಡಿತು. ನೆಟೆಯ ಶಿಲೀಂಧ್ರ ಹಾಗೇ ಉಳಿಯಿತು, ಪೆಟ್ಟು ಬಿದ್ದದ್ದು ಗಿಡಕ್ಕೆ.

ದಾಯಾದಿಯನ್ನು ಹೊಡೆಯುವುದು ಯಾಕೆ ಕಷ್ಟವೆಂದು ಇಷ್ಟರಲ್ಲಿ ತಿಳಿದಿರಬೇಕು. ಬ್ಯಾಕ್ಟೀರಿಯಾ ಕೊಲ್ಲಲು ಗುರಿಗಳು ಬೇಕಾದಷ್ಟಿವೆ: ಉದಾಹರಣೆಗೆ ಅವುಗಳ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನ ಕೋಶಭಿತ್ತಿ ಗಿಡದ ಕೋಶಗಳಲ್ಲಿ ಔಷಧಿಗೆ ಗುರಿಯಾಗುವಂತೆ ಇಲ್ಲ, ನಮ್ಮಲ್ಲಂತೂ ಇಲ್ಲವೇ ಇಲ್ಲ. ಶಿಲೀಂಧ್ರಕ್ಕೂ ತೊಗರಿಗೂ ಕೋಶಕೇಂದ್ರ ಒಂದೇ ಬಗೆ, ಕೋಶ ವಿಭಜನೆಯ ಮೂಲ ಯಂತ್ರವೂ ಒಂದೇ ಬಗೆ. ಸಣ್ಣಸಣ್ಣ ಸಂದಿಗಳಲ್ಲಿ ನುಗ್ಗಬೇಕು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಅಂಥದೊಂದು ಸಂದಿ ಹಿಡಿದಿದೆ: ವಿಭಜನೆಯಾಗುವಾಗ ವರ್ಣತಂತುಗಳನ್ನು ಎಳೆಯುವ ಹುರಿಯ ಪ್ರೋಟೀನ್ ಟ್ಯೂಬುಲಿನ್ ಎರಡರಲ್ಲೂ ಇದೆ, ಔಷಧಿ ಶಿಲೀಂಧ್ರದ್ದಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬ್ಯಾಕ್ಟೀರಿಯಾಗೆ ಆ ಹುರಿಯೇ ಇಲ್ಲ. ಗುರಿ ಒಂದೇ ಆದ್ದರಿಂದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಶಿಲೀಂಧ್ರ ತಪ್ಪಿಸಿಕೊಳ್ಳಬಲ್ಲದು.

ಬೀಜೋಪಚಾರದಲ್ಲಿ ಈ ತಿಳಿವಳಿಕೆ ಇಲ್ಲದೆ ಪ್ರತಿ ಮುಂಗಾರಿನಲ್ಲಿ ತಪ್ಪು ನಡೆಯುತ್ತದೆ, ನನಗೆ ಸಂಕಟವಾಗುವುದು ಇಲ್ಲಿಯೇ. ಕಾರ್ಬೆಂಡಜಿಮ್ ಪುಡಿಯನ್ನೂ ಟ್ರೈಕೋಡರ್ಮಾ ಪುಡಿಯನ್ನೂ ಒಂದೇ ಬುಟ್ಟಿಯಲ್ಲಿ ಕಲಸುತ್ತಾರೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರ, ನೆಟೆಯ ಶಿಲೀಂಧ್ರವನ್ನು ತಿನ್ನುವ ಶಿಲೀಂಧ್ರ. ಆ ಬುಟ್ಟಿಯಲ್ಲಿ ದುಡ್ಡು ಕೊಟ್ಟು ತಂದ ಮಿತ್ರನನ್ನು ನಾವೇ ಸಾಯಿಸುತ್ತೇವೆ. ಟ್ರೈಕೋಡರ್ಮಾ ಆರಿಸಿಕೊಂಡರೆ ಕೆಜಿ ಬೀಜಕ್ಕೆ 4 ಗ್ರಾಂ ಲೇಪಿಸಿ, ಆ ರಾಸಾಯನಿಕವನ್ನು ದೂರವಿಡಿ. ಟ್ರೈಕೋಡರ್ಮಾ ಜೊತೆ ರೈಜೋಬಿಯಂ ಕೊಡಬಹುದು, ಅವು ಬೇರೆಬೇರೆ ಕುಲದವು. ಥೈರಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಮಾತ್ರ ಹಾಗಲ್ಲ. ಅದು ಒಂದೇ ಗುರಿ ನೋಡದೆ ಹಲವು ಕಿಣ್ವಗಳನ್ನು ಕೆಡಿಸುವುದರಿಂದ ಬ್ಯಾಕ್ಟೀರಿಯಾಕ್ಕೂ ಹಾನಿ. ರಾಸಾಯನಿಕ ಬಳಸುವುದೇ ಆದರೆ ಮೊದಲು ಅದು. ಬೀಜ ಒಣಗಿದ ಮೇಲೆ, ಬಿತ್ತುವ ದಿನ, ಎಲ್ಲಕ್ಕಿಂತ ಕೊನೆಗೆ ಬೆಲ್ಲದ ಅಂಟಿನಲ್ಲಿ ಕಲಸಿದ ರೈಜೋಬಿಯಂ. ನೆರಳಿನಲ್ಲಿ ಒಣಗಿಸಿ ಕೂಡಲೇ ಬಿತ್ತಿ. ಬಿಸಿಲಿನಲ್ಲಿಟ್ಟ ರೈಜೋಬಿಯಂ ಪೊಟ್ಟಣದೊಳಗೆ ಬ್ಯಾಕ್ಟೀರಿಯಾ ಸತ್ತು ಉಳಿಯುವುದು ಬರೀ ಕರಿ ಪುಡಿ.

ಕಾಕಾಗೆ ನಾನು ಯಾವ ಔಷಧಿಯನ್ನೂ ಬರೆದುಕೊಡಲಿಲ್ಲ. ನಾಳ ತುಂಬಿದ ಮೇಲೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ. ಒಣಗಿದ ಗಿಡಗಳನ್ನು ಬೇರುಸಹಿತ ತೆಗೆದು ಸುಡಲು, ಶಿಲೀಂಧ್ರ ಕೂಳೆಯಲ್ಲಿ ಎರಡು ಮೂರು ವರ್ಷ ಬದುಕುವುದರಿಂದ ಆ ಹೊಲಕ್ಕೆ ಜೋಳ ಹಾಕಲು, ಬೇರೆ ಹೊಲಕ್ಕೆ ನೆಟೆ ತಡೆಯುವ ತಳಿ ತರಲು ಹೇಳಿದೆ.

ಮರುವರ್ಷ ಆಗಸ್ಟ್‌ನಲ್ಲಿ ಫೋನ್ ಬಂತು. ‘ಸಾಹೇಬರೇ, ಹತ್ತು ಗಿಡ ಅಗೆದು ಗಂಟು ಕೊಯ್ದೆ. ಎಂಟರಲ್ಲಿ ಕೆಂಪಗಿದೆ, ಎರಡರಲ್ಲಿ ಬೆಳ್ಳಗಿದೆ.’ ಆ ಎರಡು ಗಿಡ ನಿಂತ ಜಾಗ ಹೇಗಿದೆ ಎಂದು ಕೇಳಿದೆ. ‘ತಗ್ಗು. ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ’ ಎಂದರು. ಕಾಲುವೆ ಹೊಡೆದು ನೀರು ಹೊರಗೆ ಬಿಡಿ, ಹದಿನೈದು ದಿನ ಬಿಟ್ಟು ಮತ್ತೆ ಅದೇ ಜಾಗದ ಎರಡು ಗಿಡ ಅಗೆದು ನೋಡಿ ಎಂದೆ.